ಬೋಳು ಮುಖದ ಗೀರು

ಮೈದಾನದ ಮೋವರ್ ನಮ್ಮ ಅಂಗಡಿಗೆ ವಾಪಸು ಬಂದಾಗ ಅದರ ಕೂಗು ಬೀದಿಯ ತಿರುವಿನಲ್ಲೇ ಕೇಳಿಸಿತ್ತು. ನಾನು ಹಿಂದಿನ ಶೆಡ್ಡಿನಲ್ಲಿ ಕುಳಿತು ಬ್ಲೇಡಿಗೆ ಸಾಣೆ ಹಿಡಿಯುತ್ತಿದ್ದೆ. ಸಾಣೆಯಂತ್ರ ನಿಲ್ಲಿಸಿದರೂ ಕೂಗು ನಿಲ್ಲದಿದ್ದಾಗ ಎದ್ದು ಬಾಗಿಲಿಗೆ ಬಂದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅದರದೇ ಒಂದು ಗುಡುಗು ಇರುತ್ತದೆ, ಅದು ಆರೋಗ್ಯದ ಶಬ್ದ. ಇದು ಹಾಗಿರಲಿಲ್ಲ. ಬೇರಿಂಗ್ ಕೆಟ್ಟಾಗ ಯಂತ್ರ ಹಲ್ಲು ಕಡಿದುಕೊಂಡು ಅಳುತ್ತದೆ. ಆ ಬೇರಿಂಗ್ ಹಾಕಿದವರು ನನ್ನ ಗಂಡ, ಹಾಕಿ ತಿಂಗಳೂ ಆಗಿರಲಿಲ್ಲ.

ಅಂಗಡಿ ನನ್ನ ತಮ್ಮನದು. ಮೋವರ್, ಪೊದೆ ಸವರುವ ಯಂತ್ರ, ಮರ ಕೊಯ್ಯುವ ಗರಗಸ, ಮಣ್ಣು ಉಳುವ ಟಿಲ್ಲರ್, ಹೀಗೆ ಬಯಲಿನಲ್ಲಿ ಗದ್ದಲ ಮಾಡುವ ಯಾವುದು ಕೆಟ್ಟರೂ ನಮ್ಮಲ್ಲಿಗೆ ಬರುತ್ತದೆ. ಮುಂದಿನ ಕೋಣೆಯಲ್ಲಿ ತಮ್ಮ. ಗಿರಾಕಿಗಳ ಜೊತೆ ಮಾತು, ಬಿಡಿಭಾಗದ ಕಪಾಟಿನ ಕೀಲಿ, ಎರಡೂ ಅವನದು. ಹಿಂದಿನ ಶೆಡ್ಡಿನಲ್ಲಿ ನಾವು ಗಂಡ ಹೆಂಡತಿ. ಬ್ಲೇಡಿಗೆ ಸಾಣೆ ಹಿಡಿದು, ಗೋಡೆಯ ಮೊಳೆಗೆ ತೂಗುಹಾಕಿ, ಎರಡೂ ಕಡೆ ಸಮತೂಕ ಬರುವವರೆಗೆ ಉಜ್ಜುವುದು ನನ್ನ ಪಾಲು. ಎಂಜಿನ್ನು, ಬೆಲ್ಟು, ಬೇರಿಂಗು ಇವರ ಪಾಲು. ಬೆಲ್ಟು ಕಿತ್ತುಹೋದರೆ ಇನ್ನೊಂದು ಹಾಕಬಹುದು. ಬೇರಿಂಗ್ ಓರೆ ಕೂತರೆ ಬ್ಲೇಡು ನಡುಗಿ, ಅದನ್ನು ತಿರುಗಿಸುವ ಉಕ್ಕಿನ ದಂಡ ಬಾಗಿ, ಯಂತ್ರವೇ ಹಾಳು. ಅದಕ್ಕೇ ಆ ಕೆಲಸವನ್ನು ಇವರನ್ನು ಬಿಟ್ಟು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಇವರು ಇಲ್ಲಿಗೆ ಸಂತೋಷದಿಂದ ಬಂದವರಲ್ಲ. ಮೊದಲು ಒಂದು ದೊಡ್ಡ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿದ್ದರು. ಅಲ್ಲಿನ ಉಗ್ರಾಣದಿಂದ ಸಾಮಾನು ಕಾಣೆಯಾಗತೊಡಗಿದಾಗ, ಕೀಲಿ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ವಿಚಾರಿಸಿದರು. ಉಳಿದವರು ಆಣೆ ಪ್ರಮಾಣ ಮಾಡಿ ಅತ್ತು ಕರೆದು ಬಚಾವಾದರು. ನನ್ನ ಗಂಡ ಮಾತಿನಲ್ಲಿ ಮಹಾ ಜಿಪುಣ. ಕೇಳಿದ್ದಕ್ಕೆಲ್ಲ ‘ಗೊತ್ತಿಲ್ಲ’ ಅಂದು ಎದ್ದು ಬಂದರಂತೆ. ಏನೂ ರುಜುವಾತಾಗಲಿಲ್ಲ, ಆದರೂ ಕೆಲಸ ಹೋಯಿತು. ಆಮೇಲೆ ಯಾರ ಬಾಗಿಲಿಗೆ ಹೋದರೂ ಸುದ್ದಿ ಇವರಿಗಿಂತ ಮುಂಚೆ ತಲುಪಿರುತ್ತಿತ್ತು. ನಾನು ಒಂದೇ ಒಂದು ಸಲ ಕೇಳಿದ್ದೆ. ‘ನಾನು ತೆಗೆದಿಲ್ಲ’ ಅಂದರು. ನಂಬಿದೆ. ‘ನನ್ನ ಮಾತಿನ ಮೇಲೆ ಇಟ್ಕೋ’ ಎಂದು ತಮ್ಮನ ಕೈಹಿಡಿದು ಕೇಳಿಕೊಂಡವಳೂ ನಾನೇ. ಇಲ್ಲಿಂದಲೂ ಹೊರಬಿದ್ದರೆ ಇವರಿಗೆ ಇನ್ನೊಂದು ಬಾಗಿಲು ಇರಲಿಲ್ಲ.

ಮೈದಾನದ ಮೇಲ್ವಿಚಾರಕ ಮೋವರಿನಿಂದ ಇಳಿದವನೇ ತಮ್ಮನ ಮುಂದೆ ನಿಂತ. “ಹೊಸದು ಹಾಕಿದೀವಿ ಅಂದ್ರಿ. ಇದೇನಾ ನಿಮ್ಮ ಹೊಸದು?”

ತಮ್ಮ ಅವನನ್ನು ಹೇಗೋ ಸಮಾಧಾನ ಮಾಡಿ ಕಳಿಸಿದ. ಇವರು ಕೆಳಗೆ ಮಲಗಿ ಬ್ಲೇಡಿನ ದಂಡ ಬಿಚ್ಚಿದರು. ಕೆಳಗಿನ ಬೇರಿಂಗಿನ ಗ್ರೀಸು ತುಕ್ಕಿನ ನೀರಿನಲ್ಲಿ ಕಲಸಿದಂತೆ ಕೆಂಪಗಾಗಿತ್ತು. ತಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ.

“ನೀರು ಹೋಗಿದೆ,” ಅಂದರು ಇವರು.

“ಸೀಲ್ ಇರೋ ಬೇರಿಂಗಿಗೆ ನೀರು ಹೇಗೆ ಹೋಗುತ್ತೆ, ಭಾವ?”

“ಹೋಗಬಾರದು. ಹೋಗಿದೆ.”

ಇಷ್ಟೇ. ಇನ್ನೆರಡು ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತೋ ಕಾಣೆ. ತಮ್ಮ ನನ್ನ ಕಡೆ ನೋಡಿದ. ಆ ನೋಟದಲ್ಲೇ ನನಗೆ ಅರ್ಧ ಅರ್ಥವಾಗಿತ್ತು.

ಉಳಿದರ್ಧವನ್ನು ಅವನು ಸಂಜೆ ಮುಂದಿನ ಕೋಣೆಯಲ್ಲಿ ಹೇಳಿದ. ಇವರು ಪೆಟ್ರೋಲ್ ತರಲು ಹೋಗಿದ್ದರು. “ಅಕ್ಕ, ಬೇಜಾರು ಮಾಡ್ಕೋಬೇಡ. ಇದು ನಾನು ಕಪಾಟಿಂದ ತೆಗೆದುಕೊಟ್ಟ ಬೇರಿಂಗ್ ಅಲ್ಲ ಅನ್ಸುತ್ತೆ. ಹಳೇದನ್ನ ತೊಳೆದು, ಗ್ರೀಸ್ ತುಂಬಿ ಹಾಕಿದಾರೆ. ಹೊಸದು ಎಲ್ಲೋ ಹೋಗಿದೆ.”

“ಯಾರ ಬಗ್ಗೆ ಮಾತಾಡ್ತಾ ಇದೀಯ ಅಂತ ಗೊತ್ತಿದೆಯಾ?”

“ಗೊತ್ತಿದೆ. ಅದಕ್ಕೇ ನಿನ್ನ ಹತ್ರ ಹೇಳ್ತಾ ಇರೋದು. ನಾನು ತಪ್ಪು ಅಂತ ತೋರಿಸಿಕೊಡು, ಭಾವನ ಕಾಲಿಗೆ ಬೀಳ್ತೀನಿ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಚೆನ್ನಾಗಿಯೇ ಬೈದೆ. ಆದರೆ ಅವನು ತಲೆಯಲ್ಲಿ ಹುಳ ಬಿಟ್ಟಾಗಿತ್ತು. ಅವನ ಉಪಾಯ ಸರಳವಾಗಿತ್ತು. ನಮ್ಮ ಸ್ಪ್ಯಾನರು, ಸುತ್ತಿಗೆಗಳ ಮೇಲೆ ಅಂಗಡಿಯ ಗುರುತು ಕೊರೆಯಲು ಪೆನ್ನಿನಂಥ ಒಂದು ಕರೆಂಟಿನ ಉಳಿ ಇದೆ. ಅದರಿಂದ ಕಪಾಟಿನಲ್ಲಿರುವ ಹೊಸ ಬೇರಿಂಗುಗಳಿಗೆಲ್ಲ ಕಣ್ಣಿಗೆ ಕಾಣದಂಥ ಗುರುತು ಹಾಕುವುದು. ಮುಂದೆ ಯಾವುದಾದರೂ ಯಂತ್ರ ವಾಪಸು ಬಂದರೆ, ಬಿಚ್ಚಿ ಗುರುತು ಹುಡುಕುವುದು. ಗುರುತು ಇದ್ದರೆ ಭಾವ ಚಿನ್ನ, ಇಲ್ಲದಿದ್ದರೆ ಕಳ್ಳ.

“ಕಂಡುಹಿಡಿದುಬಿಡ್ತಾರೆ,” ಅಂದೆ.

“ಬೋಳು ಕಡೆ ಹಾಕಿದರೆ ಕಾಣಲ್ಲ.”

ಬೇರಿಂಗೆಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು. ಅದರ ಒಂದು ಮುಖದಲ್ಲಿ ಅಳತೆಯ ಅಂಕಿ ಕೊರೆದಿರುತ್ತದೆ, ಇನ್ನೊಂದು ಮುಖ ಬೋಳು. ಅಂಕಿಯ ಮುಖ ಹೊರಗೆ ಬರುವಂತೆ ಕೂರಿಸುವುದು ಇವರ ಕಟ್ಟುನಿಟ್ಟಿನ ಪದ್ಧತಿ. ಮುಂದೆ ಬಿಚ್ಚುವವನು ಯಾರೇ ಆಗಲಿ, ಓದಿಕೊಳ್ಳಲು ಸುಲಭವಾಗಲೆಂದು. ಬೋಳು ಮುಖ ಯಾವಾಗಲೂ ಒಳಕ್ಕೆ. ತಮ್ಮ ಆ ಬೋಳು ಮುಖದ ಒಳಬಳೆಯ ಮೇಲೆ, ಅಂಚಿಗೆ ಒತ್ತಿ, ಕೂದಲೆಳೆಯಂಥ ಎರಡೆರಡು ಗೀರು ಕೊರೆದ. ಕೋಣೆಯ ಬೆಳಕು ಸಾಲದೆ ಅವನು ಕಣ್ಣು ಕಿರಿದು ಮಾಡಿದಾಗ ಟಾರ್ಚ್ ಹಿಡಿದವಳು ನಾನು. ಇವರ ಹೆಸರು ಶುದ್ಧವಾಗಲಿ ಎಂದೇ ಹಿಡಿದೆನೆಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಮೈದಾನದ ಮೋವರಿಗೆ ಗುರುತಿನ ಬೇರಿಂಗುಗಳು ಹೋದವು. ಅವತ್ತು ನಾನು ಮೈಯೆಲ್ಲ ಕಣ್ಣಾಗಿದ್ದೆ. ಇಷ್ಟು ವರ್ಷ ಪಕ್ಕದಲ್ಲೇ ಕುಳಿತು ನೋಡಿದ ಕೆಲಸವನ್ನು ಕಳ್ಳನ ಕೈ ನೋಡಿದಂತೆ ನೋಡಿದೆ. ಇವರು ಸೋಪು ಹಚ್ಚಿ ಕೈ ತೊಳೆದರು. ಒಗೆದ ಬಟ್ಟೆ ಹಾಸಿದರು. ಬೇರಿಂಗನ್ನು ಹೊರಬಳೆಯ ಅಂಚಿನಿಂದಷ್ಟೇ ಹಿಡಿದು ಎತ್ತಿದರು. ಒಳಬಳೆಗೆ ಬೆವರು ತಾಗಿದರೆ ತುಕ್ಕು ಹಿಡಿಯುತ್ತದೆಂದು ಅವರು ಅದನ್ನು ಮುಟ್ಟುವುದೇ ಇಲ್ಲ. ಸುತ್ತಿಗೆ ಹತ್ತಿರಕ್ಕೂ ಬರಕೂಡದು, ಪ್ರೆಸ್ಸಿನಲ್ಲಿ ಮೆಲ್ಲಗೆ ಒತ್ತಿ ಕೂರಿಸಬೇಕು. ದಂಡದ ಮೇಲೊಂದು ಬೇರಿಂಗ್, ಕೆಳಗೊಂದು ಬೇರಿಂಗ್, ನಡುವೆ ಒಂದು ಕೊಳವೆಯ ತುಂಡು. ಆ ಕೊಳವೆಯ ಎರಡೂ ತುದಿ ಬೇರಿಂಗುಗಳ ಬೋಳು ಮುಖಕ್ಕೆ ಆತು ನಿಲ್ಲುತ್ತದೆ. ಕೊನೆಗೆ ತುದಿಯ ನಟ್ ಬಿಗಿದರೆ ಎಲ್ಲ ಒಂದೇ ಸಾಲಿಗೆ ಬಂದು ದಂಡ ನೀರಿನ ಹಾಗೆ ತಿರುಗಬೇಕು.

ಇವರು ಕೈಯಿಂದ ದಂಡ ತಿರುಗಿಸಿದರು. ಹುಬ್ಬು ಗಂಟಿಕ್ಕಿತು. ನಟ್ ಸಡಿಲಿಸಿ ತಿರುಗಿಸಿದರು, ಮತ್ತೆ ಬಿಗಿದು ತಿರುಗಿಸಿದರು.

“ಬಿಗಿಯೋ ತನಕ ಸಲೀಸಾಗಿದೆ. ಬಿಗಿದ ಮೇಲೆ ಒಂದು ಕಡೆ ಹಿಡಿಯುತ್ತೆ,” ಅಂದರು, ನನಗಲ್ಲ, ತಮಗೇ.

ಅಷ್ಟರಲ್ಲಿ ತಮ್ಮ ಬಂದ. “ಮೈದಾನದವರು ಬಾಗಿಲಲ್ಲೇ ನಿಂತಿದಾರೆ, ಭಾವ. ನಾಳೆ ಆಟ ಇದೆಯಂತೆ. ಕೊಟ್ಬಿಡಿ.”

“ಇನ್ನೊಂದು ಸಲ ಬಿಚ್ಚಿ ನೋಡ್ತೀನಿ.”

“ತಿರುಗ್ತಾ ಇದೆಯಲ್ಲ. ಎಷ್ಟು ಸಲ ನೋಡ್ತೀರಿ?”

ಇವರು ನನ್ನ ಮುಖ ನೋಡಿದರು. ನಾನು ಬ್ಲೇಡಿನ ಕಡೆ ಬಗ್ಗಿದೆ. ಯಂತ್ರ ಹೋಯಿತು.

ಕೆಲವೇ ದಿನಗಳಲ್ಲಿ ಅದು ಅದೇ ಕೂಗಿನೊಂದಿಗೆ ಹಿಂತಿರುಗಿತು. ಮಧ್ಯಾಹ್ನದ ಹೊತ್ತು, ಇವರು ಹೊರಗೆ ಹೋಗಿದ್ದರು. ತಮ್ಮ ಕಾಯಲಿಲ್ಲ, ತಾನೇ ಅಂಗಿ ತೋಳು ಮಡಿಸಿ ದಂಡ ಬಿಚ್ಚಿದ. ಬೇರಿಂಗ್ ಬಿಸಿಗೆ ನೀಲಿಗಟ್ಟಿತ್ತು. ಒರೆಸಿ, ಬೋಳು ಮುಖ ಮೇಲೆ ಮಾಡಿ ಬೆಳಕಿಗೆ ಹಿಡಿದೆವು. ಎರಡು ಗೀರೂ ಇದ್ದವು.

ನನಗೆ ಅಳು ಬಂತು, ಸಂತೋಷದ್ದು. “ನೋಡಿದ್ಯಾ? ಬೀಳು ಈಗ ಕಾಲಿಗೆ.”

ತಮ್ಮನ ಮುಖ ಸಡಿಲವಾಗಲಿಲ್ಲ. ಅವನು ಬೇರಿಂಗನ್ನು ಮೇಜಿನ ಮೇಲೆ ಕುಕ್ಕಿದ. “ಹೊಸ ಬೇರಿಂಗೇ ಹಾಕಿ ಇಷ್ಟು ಬೇಗ ಸುಟ್ಟುಹೋಯ್ತು ಅಂದ್ರೆ ಅರ್ಥ ಏನು? ಬೇಕಂತ್ಲೇ ಓರೆ ಕೂರಿಸ್ತಿದಾನೆ. ಸೇತುವೆ ಆಚೆ ಹೊಸ ರಿಪೇರಿ ಅಂಗಡಿ ಆಗಿದೆಯಲ್ಲ, ಅವರು ಕರೆದಿರ್ತಾರೆ. ನಮ್ಮ ಗಿರಾಕಿನ ಅಲ್ಲಿಗೆ ಓಡಿಸ್ತಿದಾನೆ. ದಿನಾ ಮಧ್ಯಾಹ್ನ ಚೀಲ ಹಿಡ್ಕೊಂಡು ಎಲ್ಲಿಗೆ ಹೋಗ್ತಾನೆ, ಕೇಳಿದ್ಯಾ?”

ಭಾವ ಎಂದು ಬಹುವಚನ ಬಿಟ್ಟು ಮಾತಾಡದವನು ಸಲೀಸಾಗಿ ಏಕವಚನಕ್ಕೆ ಇಳಿದಿದ್ದ. ಕೆನ್ನೆಗೆ ಹೊಡೆಯಬೇಕೆನಿಸಿತು. ಅನುಮಾನದ ಚಾಳಿಯೇ ಅದು. ಒಂದು ಬಾಗಿಲು ಮುಚ್ಚಿದರೆ ಹಿತ್ತಿಲಿನಿಂದ ಒಳಗೆ ಬರುತ್ತದೆ. ಆದರೆ ಮಧ್ಯಾಹ್ನದ ಚೀಲವನ್ನು ನಾನೂ ಗಮನಿಸಿದ್ದೆ. ಗಮನಿಸಿಯೂ ಕೇಳಿರಲಿಲ್ಲ. ಉತ್ತರಕ್ಕೆ ಹೆದರಿದವರು ಪ್ರಶ್ನೆ ಕೇಳುವುದಿಲ್ಲ.

“ಇನ್ನೊಂದು ಜೊತೆ ಕೊಡ್ತೀನಿ. ಇದೇ ಕೊನೆ,” ಅಂದ ತಮ್ಮ. “ಈ ಸಲವೂ ಕೆಟ್ಟರೆ ಅಂಗಡಿಗೆ ಬರಬೇಡಿ ಅಂತ ಹೇಳ್ತೀನಿ. ನಿನ್ನ ಮೇಲೆ ನನಗೇನೂ ಇಲ್ಲ, ಅಕ್ಕ. ನೀನು ಬಾ.”

ಗಂಡನನ್ನು ಮನೆಯಲ್ಲಿ ಕೂರಿಸಿ ನಾನು ಬ್ಲೇಡು ಉಜ್ಜಲು ಬರಬೇಕಂತೆ. ಎಂಥ ಔದಾರ್ಯ ಅವನದು.

ಮರುದಿನ ಮಧ್ಯಾಹ್ನ ಇವರ ಹಿಂದೆಯೇ ಹೋದೆ. ಹೊಸ ಜೊತೆ ಬೇರಿಂಗುಗಳು ಬೆಳಗ್ಗೆಯಷ್ಟೇ ಇವರ ಕೈಸೇರಿದ್ದವು. ಇವರು ಚೀಲ ಹೆಗಲಿಗೆ ಹಾಕಿಕೊಂಡು, ಹಿಂದೆ ಮುಂದೆ ನೋಡಿ, ಗುಜರಿ ಅಂಗಡಿಗಳ ಸಾಲಿನತ್ತ ತಿರುಗಿದರು. ನಾನು ಸೆರಗು ತಲೆಗೆಳೆದುಕೊಂಡು ಹಿಂಬಾಲಿಸಿದೆ. ಸಾಲಿನ ಕೊನೆಯಲ್ಲಿ ಒಂದು ಹಳೆಯ ಲೇತ್ ಅಂಗಡಿ. ಕಬ್ಬಿಣ ಕಡೆಯುವ ಆ ಮುದುಕನನ್ನು ಎಲ್ಲರೂ ಲೇತ್ ಅಜ್ಜ ಎನ್ನುತ್ತಾರೆ. ಎದುರಿನ ಟೈರುಗಳ ರಾಶಿಯ ಮರೆಯಲ್ಲಿ ನಿಂತು ನೋಡಿದೆ. ಇವರು ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಹೊಸ ಬೇರಿಂಗುಗಳು ಬಿಸಿಲಿಗೆ ಮಿನುಗಿದವು. ಅಜ್ಜ ಒಂದನ್ನು ಎತ್ತಿ, ಕಣ್ಣಿಗೆ ಭೂತಗಾಜು ಹಿಡಿದು, ಬೆಲೆ ಕಟ್ಟುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಮುಂದಿನದನ್ನು ನೋಡುವ ಧೈರ್ಯ ನನಗಿರಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಿದೆ.

ಇವರು ಬಂದಾಗ ಸಾಧ್ಯವಾದಷ್ಟು ತಣ್ಣಗೆ ಕೇಳಿದೆ. “ಎಲ್ಲಿಗೆ ಹೋಗಿದ್ರಿ?”

“ಎಲ್ಲೂ ಇಲ್ಲ. ಹೀಗೇ ಸುತ್ತಾಡಿ ಬಂದೆ.”

ಕಣ್ಣೆದುರು ಸುಳ್ಳು. ಮದುವೆಯಾದಾಗಿನಿಂದ ಇವರು ನನಗೆ ಸುಳ್ಳು ಹೇಳಿದ್ದು ನನಗೆ ಗೊತ್ತಾದದ್ದು ಅದೇ ಮೊದಲು. ಹಾಗಾದರೆ ಗೊತ್ತಾಗದ್ದು ಎಷ್ಟಿರಬಹುದು? ಕಾರ್ಖಾನೆಯ ಉಗ್ರಾಣ ನೆನಪಾಯಿತು. ‘ನಾನು ತೆಗೆದಿಲ್ಲ’ ಎಂದಾಗ ಇವರು ನನ್ನ ಮುಖ ನೋಡಿ ಹೇಳಿದ್ದರೋ, ಕಿಟಕಿ ನೋಡಿ ಹೇಳಿದ್ದರೋ ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಆ ರಾತ್ರಿ ಊಟ ಬಡಿಸುವಾಗ ಇವರ ಕೈ ನೋಡಿದರೂ ಮೈ ಉರಿಯಿತು.

ಬೆಳಗ್ಗೆ ಇವರು ನನಗಿಂತ ಮುಂಚೆ ಅಂಗಡಿಗೆ ಹೋಗಿದ್ದರು. ನಾನು ಹೋದಾಗ ತಮ್ಮ ಇನ್ನೂ ಬಂದಿರಲಿಲ್ಲ. ಶೆಡ್ಡಿನಲ್ಲಿ ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿತ್ತು, ಅದರ ಮೇಲೆ ಎರಡು ಬೇರಿಂಗುಗಳು, ಬೋಳು ಮುಖ ಮೇಲೆ. ಪಕ್ಕದಲ್ಲಿ ಲೇತ್ ಅಜ್ಜನ ಭೂತಗಾಜು.

“ಬಾ ಇಲ್ಲಿ. ನೋಡು,” ಅಂದರು ಇವರು. ಮುಖದಲ್ಲಿ ನಗು ಇತ್ತು. ಇವರು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. “ಒಳಬಳೆ ಮೇಲೆ ಉಗುರು ಆಡಿಸು.”

ಆಡಿಸಿದೆ. ಉಗುರು ಸಿಕ್ಕಿಕೊಂಡಿತು.

“ಸಿಕ್ತಾ? ಯಾರೋ ಗೀರು ಕೊರೆದಿದಾರೆ. ಕೊರೆದ ಕಡೆ ಲೋಹ ಅಂಚಿಗೆ ಎದ್ದು ನಿಂತಿದೆ. ಆ ಉಬ್ಬಿನ ಮೇಲೆ ಕೊಳವೆ ಬಂದು ಕೂತರೆ ಒಂದು ಕಡೆ ಎತ್ತರ ಆಗುತ್ತೆ. ನಟ್ ಬಿಗಿದ ಕೂಡ್ಲೇ ದಂಡ ಆ ಕಡೆ ಬಾಗುತ್ತೆ. ಬಾಗಿದ ದಂಡಕ್ಕೆ ಯಾವ ಬೇರಿಂಗ್ ಬಾಳುತ್ತೆ ಹೇಳು?”

ಇವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಮೊದಲ ಬೇರಿಂಗಿನ ಕಥೆಯೂ ಹೊರಬಂತು. ಇವರು ಮೈದಾನಕ್ಕೇ ಹೋಗಿ ವಿಚಾರಿಸಿದ್ದರು. ಅಲ್ಲಿನವರು ದಿನಾ ಕೆಲಸ ಮುಗಿದ ಮೇಲೆ ಜೋರು ನೀರಿನ ಪೈಪನ್ನು ನೇರ ದಂಡಕ್ಕೇ ಹಿಡಿದು ತೊಳೆಯುತ್ತಿದ್ದರಂತೆ. ಅಷ್ಟು ಜೋರಿಗೆ ಯಾವ ಸೀಲೂ ತಡೆಯುವುದಿಲ್ಲ.

“ಎರಡನೇದು ಬಿಗಿದಾಗ ಹಿಡೀತಲ್ಲ, ಆಗಲೇ ನನ್ನ ಕೈಯೇ ಹೋಯ್ತು ಅಂದ್ಕೊಂಡೆ ಕಣೇ,” ಅಂದರು. “ನಿನ್ನ ಹತ್ರ ಹೇಳೋಕೂ ನಾಚಿಕೆ. ದಿನಾ ಮಧ್ಯಾಹ್ನ ನಮ್ಮ ಪ್ರೆಸ್ಸಿನ ಅಚ್ಚುಗಳನ್ನ ತಗೊಂಡು ಹೋಗಿ ಅಜ್ಜನ ಲೇತಲ್ಲಿ ಹಾಕಿ ನೋಡಿಸ್ತಿದ್ದೆ. ಎಲ್ಲಾ ನೆಟ್ಟಗೇ ಇದೆ. ಹಾಗಾದ್ರೆ ನಾನೇ ಓರೆ ಅಂತ ಆಯ್ತಲ್ಲ. ನಿನ್ನೆ ದಂಡ, ಕೊಳವೆ ಜೊತೆಗೆ ಹೊಸ ಬೇರಿಂಗನ್ನೇ ತಗೊಂಡು ಹೋದೆ. ಅಜ್ಜ ಗಾಜು ಹಿಡಿದು ಕಂಡುಹಿಡಿದ.” ಬೇರಿಂಗನ್ನು ಅಂಚಿನಿಂದ ಎತ್ತಿ ಬೆಳಕಿಗೆ ಹಿಡಿದರು. “ಮಾರೋ ಅಂಗಡಿಯವನ ಕೆಲಸ ಇದು. ಲೆಕ್ಕಕ್ಕೆ ಗುರುತು ಹಾಕಿದಾನೆ, ದಡ್ಡ. ನಿನ್ನ ತಮ್ಮ ಬರಲಿ, ಇಬ್ಬರೂ ಹೋಗಿ ಚೆನ್ನಾಗಿ ಬೈದು ಬರ್ತೀವಿ.”

ಆಗ ನಾನು ಸುಮ್ಮನಿದ್ದಿದ್ದರೆ? ತಮ್ಮನ ಕಿವಿಯಲ್ಲಿ ಒಂದು ಮಾತು ಹಾಕಿ ಎಲ್ಲವನ್ನೂ ಮಾರುವವನ ತಲೆಗೆ ಕಟ್ಟಬಹುದಿತ್ತು. ಇವರು ನಗುತ್ತಲೇ ಇರುತ್ತಿದ್ದರು. ಆದರೆ ಆ ನಗುವಿನ ಎದುರು ನಿಂತು ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ.

“ಮಾರುವವನಲ್ಲ,” ಅಂದೆ. “ತಮ್ಮ ಹಾಕಿದ್ದು.”

“ಯಾಕೆ?”

ನಾನು ಹಾಸಿದ ಬಟ್ಟೆಯ ಅಂಚು ಸರಿಮಾಡಿದೆ. ಇವರ ಕಣ್ಣು ಬೇರಿಂಗಿನ ಮೇಲೆ, ಕಪಾಟಿನ ಕೋಣೆಯ ಬಾಗಿಲ ಮೇಲೆ, ಮತ್ತೆ ಬೇರಿಂಗಿನ ಮೇಲೆ ಓಡಾಡಿತು. ಕಾರ್ಖಾನೆಯಲ್ಲಿ ಒಮ್ಮೆ ಈ ಪಾಠ ಕಲಿತವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಗು ಎಲ್ಲಿ ಹೋಯಿತೋ, ಮುಖ ಬರಿದಾಯಿತು.

“ನಿನಗೆ ಯಾವಾಗ ಗೊತ್ತಾಯ್ತು?”

“ಅವನು ಕೊರೆಯುವಾಗ ಟಾರ್ಚ್ ಹಿಡಿದಿದ್ದು ನಾನೇ.”

ಇವರು ಬೇರಿಂಗನ್ನು ಬಟ್ಟೆಯ ಮೇಲಿಟ್ಟರು. ಎಣ್ಣೆಕಲ್ಲು ತಂದು, ಒಂದು ತೊಟ್ಟು ಎಣ್ಣೆ ಬಿಟ್ಟು, ಬೋಳು ಮುಖದ ಉಬ್ಬನ್ನು ಮೆಲ್ಲಗೆ ಉಜ್ಜತೊಡಗಿದರು. ಉಜ್ಜಿ, ಒರೆಸಿ, ಉಗುರು ಆಡಿಸಿ, ಮತ್ತೆ ಉಜ್ಜಿದರು. ನಾನು ಹತ್ತಿರ ಹೋಗಿ ಕಲ್ಲು ಹಿಡಿಯಲು ಕೈ ಚಾಚಿದೆ. “ಇರಲಿ, ಆಗುತ್ತೆ,” ಅಂದರು.

ತಮ್ಮ ಬಂದಾಗ ಇವರು ಉಜ್ಜದ ಇನ್ನೊಂದು ಬೇರಿಂಗನ್ನು ಅವನ ಕೈಗಿಟ್ಟರು. ಅವನು ಒಳಬಳೆಯ ಮೇಲೆ ಉಗುರು ಆಡಿಸಿದ. ಅವನಿಗೂ ಈ ಕೆಲಸ ಗೊತ್ತು. ಉಗುರು ಸಿಕ್ಕಿದ ಕೂಡಲೇ ಮುಖ ಕಪ್ಪಿಟ್ಟಿತು. ಬಾಗಿ ನಿಜವಾಗಿಯೂ ಕಾಲು ಮುಟ್ಟಲು ಹೋದ. ಇವರು ಹೆಗಲು ಹಿಡಿದು ಎತ್ತಿದರು.

“ಬಿಡಪ್ಪ. ನನ್ನ ಬಗ್ಗೆ ಕೇಳಿದ್ದನ್ನ ಎಲ್ಲಾ ಕೇಳಿಯೂ ಕೆಲಸ ಕೊಟ್ಟವನು ನೀನು. ಅಂಗಡಿ ಕಾಯೋದು ನಿನ್ನ ಧರ್ಮ. ಅನುಮಾನ ಪಟ್ಟಿದ್ದು ತಪ್ಪಲ್ಲ, ಬೋಳು ಕಡೆ ಕೊರೆದಿದ್ದು ತಪ್ಪು.”

ತಮ್ಮ ಅವತ್ತೇ ಕಪಾಟಿನ ಕೀಲಿಯನ್ನು ಇವರ ಮುಂದೆ ತಂದಿಟ್ಟ. ಇವರು ಅದನ್ನು ಹಾಗೇ ಅವನತ್ತ ಸರಿಸಿದರು. ಮಧ್ಯಾಹ್ನದೊಳಗೆ ಮೋವರ್ ಸಿದ್ಧವಾಯಿತು. ನಟ್ ಬಿಗಿದ ಮೇಲೂ ದಂಡ ಬೆರಳ ತುದಿಗೆ ತಿರುಗಿತು, ತಿರುಗುತ್ತಲೇ ಇತ್ತು. ಮೈದಾನದ ಮೇಲ್ವಿಚಾರಕನಿಗೆ ನೀರಿನ ಪೈಪಿನ ಬಗ್ಗೆ ಬುದ್ಧಿ ಹೇಳುವ ಕೆಲಸವನ್ನು ನಾನೇ ವಹಿಸಿಕೊಂಡೆ. ಯಾರ ಮೇಲಾದರೂ ರೇಗಬೇಕಾಗಿತ್ತು.

ಸಂಜೆ ಮನೆಗೆ ಬಂದೆವು. ಇವರು ಕೈಕಾಲು ತೊಳೆದು ಅಡುಗೆಮನೆಗೆ ಬಂದರು. ನಾನು ಒಲೆಯ ಮುಂದಿದ್ದೆ. ಇವರು ಪ್ಯಾಂಟಿನ ಜೇಬುಗಳನ್ನು ಒಂದೊಂದಾಗಿ ಒಳಗು ಹೊರಗು ಮಾಡಿ, ಇದ್ದದ್ದನ್ನೆಲ್ಲ ಮೇಜಿನ ಮೇಲೆ ಇಟ್ಟರು. ಒಂದು ಚಿಂದಿ ಬಟ್ಟೆ, ಪೆನ್ಸಿಲಿನ ತುಂಡು, ತುಕ್ಕು ಹಿಡಿದ ಒಂದು ವಾಷರ್. ಚೀಲದ ಬಾಯನ್ನೂ ನನ್ನ ಕಡೆಗೆ ತೆರೆದಿಟ್ಟರು.

“ಏನ್ರೀ ಇದು?”

“ನೋಡ್ಕೋ. ವಾಷರ್ ಮಾತ್ರ ಅಂಗಡೀದು, ಗೊತ್ತಿಲ್ಲದೆ ಬಂದಿದೆ. ನಾಳೆ ವಾಪಸ್ ಇಡ್ತೀನಿ.”

ದನಿಯಲ್ಲಿ ಕೋಪವಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ತಮ್ಮನನ್ನು ಅಷ್ಟು ಸುಲಭವಾಗಿ ಕ್ಷಮಿಸಿದವರು ನನ್ನನ್ನೂ ಎರಡು ಬೈದಿದ್ದರೆ, ಅತ್ತು ಮುಗಿಸುತ್ತಿದ್ದೆ. ಬೈಯಲಿಲ್ಲ.

ಅಂದಿನಿಂದ ದಿನಾ ಹೀಗೇ. ಬೇಡವೆಂದು ಕೈಮುಗಿದೆ, ಅತ್ತು ಕರೆದೆ, ಒಮ್ಮೆ ಮೇಜಿನ ಮೇಲಿದ್ದದ್ದನ್ನೆಲ್ಲ ನೆಲಕ್ಕೆ ತಳ್ಳಿಯೂ ನೋಡಿದೆ. ಇವರು ಬಗ್ಗಿ ಆರಿಸಿ ಮತ್ತೆ ಜೋಡಿಸಿದರು. “ಇರಲಿ ಬಿಡು, ನಿನಗೂ ನೆಮ್ಮದಿ,” ಅನ್ನುತ್ತಾರೆ. ಈಗ ನಾನು ಒಲೆಯ ಕಡೆ ಮುಖ ಮಾಡಿ ನಿಂತುಬಿಡುತ್ತೇನೆ. ಆದರೂ ಇವರು ಎಲ್ಲವನ್ನೂ ಜೇಬಿಗೆ ತುಂಬಿಕೊಳ್ಳುವ ಮೊದಲು ನನ್ನ ಕಣ್ಣು ಒಂದು ಸಲ ಮೇಜಿನ ಮೇಲೆ ಹರಿದು ಬರುತ್ತದೆ. ಅಷ್ಟಾಗುವವರೆಗೆ ಇವರು ಕಾಯುತ್ತಾರೆ.